ಖಾಲಿ ಹೊಟ್ಟೆ ಎಂದರೆ ಯಾವುದು?

ಬೆಳ್ತಂಗಡಿಯ ಒಂದು ಲ್ಯಾಬಿನಲ್ಲಿ ರಕ್ತ ತೆಗೆಯುವುದು ನನ್ನ ಕೆಲಸ. ಇಷ್ಟು ವರ್ಷದಲ್ಲಿ ಸೂಜಿಯಿಂದ ನನಗೆ ತೊಂದರೆಯಾದದ್ದಿಲ್ಲ. ಸೂಜಿಗೆ ಮೊದಲು ಕೇಳುವ ಒಂದೆರಡು ಪ್ರಶ್ನೆಗಳಲ್ಲೇ ದಿನಾ ಏನಾದರೊಂದು ಆಗುತ್ತದೆ.

೧. ಮೀನು

ಗಂಟುನೋವಿನ ಹೆಂಗಸೊಬ್ಬರಿಗೆ ಡಾಕ್ಟರು ಮಾಂಸ ಬಿಡಲು ಹೇಳಿದ್ದರು. ಮೂರು ತಿಂಗಳಾದರೂ ಯೂರಿಕ್ ಆಸಿಡ್ ಇಳಿಯಲಿಲ್ಲ.

"ಮಾಂಸ ಬಿಟ್ಟಿದ್ದೀರಲ್ಲ?"

"ಮೂಸಿಯೂ ನೋಡ್ಲಿಲ್ಲ."

"ಮೀನು?"

"ಬಂಗುಡೆ ದಿನಾ ಉಂಟು." ನನ್ನ ಮುಖ ನೋಡಿ ಅವರಿಗೆ ಕನಿಕರವಾಯಿತು. "ಮೀನು ಮಾಂಸ ಅಲ್ಲ ಅಕ್ಕ. ಅದು ಮೀನು."

೨. ಚಾ

ಕೊಕ್ಕಡದ ಅಜ್ಜನೊಬ್ಬರಿಗೆ ಕಣ್ಣಿನ ಪೊರೆ ತೆಗೆಸಬೇಕಿತ್ತು. ಖಾಲಿ ಹೊಟ್ಟೆಯ ಸಕ್ಕರೆ ಸರಿಯಿದ್ದರೆ ಮಾತ್ರ ಆಪರೇಷನ್. ಹೆಂಡತಿಯ ಮುಖವೂ ಮಸುಕಾಗಿ ಕಾಣುತ್ತದೆ ಎಂದು ಪಾಪ ಕೊರಗುತ್ತಿದ್ದರು. ಊಟ ಮಾಡದೆ ಬನ್ನಿ ಎಂದೆ. ಮರುದಿನ ಬಂದರು.

"ಊಟ ಮಾಡ್ಲಿಲ್ಲ. ಚಾ ಮಾತ್ರ."

"ಬರೀ ಚಾ?"

"ನಾಲ್ಕು ನೀರ್ ದೋಸೆ. ದೋಸೆ ಇಲ್ಲದೆ ಚಾ ಕುಡಿಯುವುದು ಹೇಗೆ?"

೩. ಮರ್ಯಾದೆ

ಅದೇ ಅಜ್ಜನಿಗೆ ಏನೂ ತಿನ್ನಬೇಡಿ, ಏನೂ ಕುಡಿಯಬೇಡಿ ಎಂದು ಒತ್ತಿ ಹೇಳಿದೆ. ಮುಂದಿನ ವಾರ ಬಸ್ಸಿಗೆ ಹೊತ್ತಿದೆಯೆಂದು ದಾರಿಯಲ್ಲಿ ನೆಂಟರ ಮನೆ ಹೊಕ್ಕಿದ್ದರಂತೆ. ಅಲ್ಲಿ, ಮನೆಗೆ ಬಂದವರಿಗೆ ಕೊಡುವ ಹಾಗೆ, ಬೆಲ್ಲ, ನೀರು ಕೊಟ್ಟರಂತೆ.

"ತಿಂದ್ರಾ ಅಜ್ಜ?"

"ಬೇಡ ಅಂದ್ರೆ ಅವರು ಏನು ಗ್ರಹಿಸಿಯಾರು? ಅದು ತಿಂದದ್ದು ಅಲ್ಲ ಮೇಡಂ, ಮರ್ಯಾದೆ."

೪. ಉಪವಾಸ

ನನಗೆ ಒಂದು ಉಪಾಯ ಹೊಳೆಯಿತು. ದೇವರ ಭಯವಿರುವ ಮನುಷ್ಯ, ಅವರಿಗೆ ಗೊತ್ತಿರುವ ಮಾತಿನಲ್ಲೇ ಹೇಳುವ ಎಂದುಕೊಂಡು, "ಉಪವಾಸ ಮಾಡಿ ಬನ್ನಿ" ಎಂದೆ. ಅಜ್ಜನ ಮುಖ ಅರಳಿತು. ಮತ್ತೆ ಬಂದಾಗ, "ಕಟ್ಟುನಿಟ್ಟಿನ ಉಪವಾಸ" ಎಂದರು. ನಂಬಿ ರಕ್ತ ತೆಗೆದೆ. ಸಕ್ಕರೆ ಗಗನಕ್ಕೇರಿತ್ತು.

"ಬೆಳಿಗ್ಗೆ ಏನು ತಗೊಂಡ್ರಿ?"

"ಅನ್ನ ಮುಟ್ಲಿಲ್ಲ. ಸಿಹಿ ಸಜ್ಜಿಗೆ, ಅವಲಕ್ಕಿ, ನಾಲ್ಕು ಬಾಳೆಹಣ್ಣು. ಉಪವಾಸ ಅಲ್ವಾ, ಸ್ವಲ್ಪ ಜಾಸ್ತಿಯೇ ಬೇಕಾಗ್ತದೆ."

ನಾನು ತಲೆ ಮೇಲೆ ಕೈ ಹೊತ್ತು ಕೂತೆ. ಜೊತೆಗೆ ಬಂದಿದ್ದ ಅಜ್ಜಿ ಹತ್ತಿರ ಬಂದು, "ಇವರಿಗೆ ಹೇಳ್ಬೇಡಿ, ನನಗೆ ಹೇಳಿ. ನಾಳೆ ನಾನು ಒಲೆಯೇ ಹೊತ್ತಿಸುವುದಿಲ್ಲ. ಜೊತೆಗೇ ಬರ್ತೇನೆ" ಎಂದರು.

ಮರುದಿನ ಸಕ್ಕರೆ ಸರಿಯಾಗಿತ್ತು. ಆಪರೇಷನ್ ಆಗುತ್ತದೆ ಎಂದಾಗ ನನಗೇ ಹೆಚ್ಚು ಖುಷಿ. ಅಜ್ಜ ಮಾತ್ರ ಹೊಟ್ಟೆ ಹಿಡಿದುಕೊಂಡು ನನ್ನನ್ನು ದುರುಗುಟ್ಟಿ ನೋಡಿದರು.

"ಇದು ಉಪವಾಸ ಅಲ್ಲ ಮೇಡಂ, ಇದು ಹಸಿವು. ಹಸಿದುಕೊಂಡು ಬನ್ನಿ ಅಂತ ಮೊದಲೇ ಹೇಳ್ಬಾರದಿತ್ತಾ?"