ಅತ್ತೆಯ ಸ್ಕೂಟರಿಗಾಗಿ ನಾನು ವಾದಿಸಿದ್ದು

ಚರ್ಚಾಸ್ಪರ್ಧೆಗಳಲ್ಲಿ ಬೆಳೆದವರಿಗೆ ಒಂದು ಕಾಯಿಲೆ ಅಂಟಿಕೊಳ್ಳುತ್ತದೆ. ಎದುರಿನವರು ಬಾಯಿ ತೆರೆದರೆ ಸಾಕು, ಅವರು ಹೇಳುವುದು ಪೂರ್ತಿ ಕಿವಿಗೆ ಬೀಳುವ ಮೊದಲೇ ಅದಕ್ಕೆ ಎದುರುಮಾತು ನಾಲಿಗೆಯ ತುದಿಗೆ ಬಂದು ನಿಂತಿರುತ್ತದೆ. ಚೀಟಿಯಲ್ಲಿ ಪರ ಬಂದರೆ ಪರ, ವಿರೋಧ ಬಂದರೆ ವಿರೋಧ. ಸ್ವಂತ ಅಭಿಪ್ರಾಯವನ್ನು ಯಾರೂ ಕೇಳುವುದಿಲ್ಲವಾದ್ದರಿಂದ ಅದನ್ನು ಇಟ್ಟುಕೊಳ್ಳುವ ಅಭ್ಯಾಸವೂ ತಪ್ಪಿಹೋಗುತ್ತದೆ. ಕಾನೂನು ಓದುತ್ತಿರುವ ನನಗೆ ಇದು ಕೊಂಚ ಬಲಿತೇ ಇದೆ. ಸಾರಿಗೆ ಉಪ್ಪು ಕಮ್ಮಿ ಆಗಿದೆಯೇ ಎಂದು ಅಮ್ಮ ನನ್ನನ್ನು ಕೇಳುವುದನ್ನು ಬಿಟ್ಟು ಬಹಳ ಕಾಲವಾಯಿತು, "ಕಮ್ಮಿ ಅಂದರೆ ಯಾವುದಕ್ಕೆ ಹೋಲಿಸಿ?" ಎಂದು ಒಮ್ಮೆ ಕೇಳಿದ್ದೆ. ಆದರೂ ಸರಸ್ವತಿ ನಗರದ ನಮ್ಮ ಮನೆಯ ಷೋಕೇಸಿನಲ್ಲಿ, ಕಿಲುಬು ಹಿಡಿದು ಕಪ್ಪಾದ ನನ್ನ ಹಿತ್ತಾಳೆ ಕಪ್ಪನ್ನು ಬಂದವರಿಗೆಲ್ಲ ತೋರಿಸಿ, "ನಮ್ಮ ಹುಡುಗಿಗೆ ಡಿಬೇಟಿನಾಗ ಬಂದ ಫಸ್ಟ್ ಪ್ರೈಜು" ಎನ್ನುವವಳೂ ಅವಳೇ.

ಈ ಮನೆಗೆ ಹೋದ ವರ್ಷ ಗಿರಿಜತ್ತೆ ಬಂದಳು. ಅಪ್ಪನ ಅಕ್ಕ. ಸೊಲ್ಲಾಪುರದ ಆಸ್ಪತ್ರೆಯೊಂದರಲ್ಲಿ ನರ್ಸಾಗಿದ್ದು ನಿವೃತ್ತಳಾದವಳು, ಒಂದು ಟ್ರಂಕು ಮತ್ತು ಬೂದುಬಣ್ಣದ ಹಳೇ ಸ್ಕೂಟರಿನೊಂದಿಗೆ ಊರಿಗೆ ಮರಳಿದಳು. ಬಂದ ವಾರವೇ ಹರಿಹರ, ಸಾರಥಿ ಊರುಗಳ ಕಡೆ ಹಾಸಿಗೆ ಹಿಡಿದವರ ಮನೆಗಳಿಗೆ ಹೋಗಿ ಗಾಯಕ್ಕೆ ಪಟ್ಟಿ ಕಟ್ಟುವ ಕೆಲಸ ಹಿಡಿದಳು. ಆ ಮನೆಗಳವರು ಅವಳ ಸ್ಕೂಟರಿನ ಸದ್ದಿಗೆ ಕಾಯುತ್ತಿದ್ದರು. ಮಹಾರಾಷ್ಟ್ರದ ನಂಬರ್ ಪ್ಲೇಟ್ ಕಂಡ ಪೊಲೀಸರು ದಾರಿಯಲ್ಲಿ ತಡೆದು ಹಿಂದಿಯಲ್ಲಿ ಗದರಿದರೆ, "ಯಾಕೋ ತಮ್ಮಾ, ಬಿಸಿಲಾಗ ನಿಂತೀಯಲ್ಲ, ನೀರು ಕುಡಿದೀಯೋ ಇಲ್ಲೋ?" ಎನ್ನುತ್ತಿದ್ದಳು. ಪಾಪ, ಅವರು ದಾಖಲೆ ಕೇಳುವುದನ್ನೇ ಮರೆಯುತ್ತಿದ್ದರು. ಆದರೆ ಎಷ್ಟು ದಿನ ಹೀಗೆ? ಗಾಡಿಯನ್ನು ಕರ್ನಾಟಕದಲ್ಲಿ ನೋಂದಾಯಿಸಲೇಬೇಕಿತ್ತು.

ಹಳೆಯದನ್ನು ಮಾರಿ ಹೊಸದು ಕೊಳ್ಳುವುದೇ ಸರಿ ಎಂದು ನಾನು ನಡುಮನೆಯಲ್ಲಿ ನಿಂತು ಮಂಡಿಸಿದೆ. ಎಲ್ಲವನ್ನೂ ಕೇಳಿ ಅತ್ತೆ, "ನಾನೂ ಹಳೇಕಿನೇ. ನನ್ನೂ ಗುಜರಿಗೆ ಹಾಕ್ತೀಯೇನು?" ಎಂದಳು. ನನ್ನ ಖಂಡನೆಗೆ ನಿಗದಿಯಾದ ಸಮಯ ಅಲ್ಲಿಗೆ ಮುಗಿಯಿತು. ಸೊಲ್ಲಾಪುರಕ್ಕೆ ಹೋಗಿ ನಿರಾಕ್ಷೇಪಣಾ ಪತ್ರ ತಂದಳು, ಇಲ್ಲಿ ತೆರಿಗೆ ಕಟ್ಟಿದಳು. ಅಲ್ಲಿ ಒಮ್ಮೆ ಜೀವಾವಧಿ ತೆರಿಗೆ ಕಟ್ಟಿದ ಗಾಡಿಗೆ ಇಲ್ಲಿ ಮತ್ತೆ ಕಟ್ಟಿಸಿಕೊಳ್ಳುವುದೆಂದರೆ ಸರ್ಕಾರ ಪುನರ್ಜನ್ಮವನ್ನು ನಂಬುತ್ತದೆ ಎಂದೇ ಅರ್ಥ ಅಂತ ನಾನು ರೇಗಿದೆ. "ನಂಬ್ಲಿ ಬಿಡು, ಈ ಜನ್ಮದಾಗ ನಮ್ಮೂರಾಗೇ ಹುಟ್ಟೈತಲ್ಲ" ಎಂದು ನಕ್ಕಳು. ಇಂಥವಳೊಂದಿಗೆ ವಾದ ಮಾಡುವುದು ಹೇಗೆ ಹೇಳಿ?

ಪತ್ರದ ಅವಧಿ ಮುಗಿಯಲು ಕೆಲವೇ ದಿನ ಉಳಿದಾಗ ಆರ್‌ಟಿಓ ಕಚೇರಿಯ ಅಂಗಳದಲ್ಲಿ ತಪಾಸಣೆ. ಕಾನೂನು ಬಲ್ಲವಳೆಂದು ನಾನೂ ಜೊತೆಗೆ ಹೋದೆ. ಸೀಟಿನ ಕೆಳಗೆ ಕಬ್ಬಿಣದ ಮೇಲೆ ಕೊರೆದ ಚಾಸಿ ನಂಬರಿನ ಮೇಲೆ ತೆಳು ಕಾಗದವಿಟ್ಟು ಪೆನ್ಸಿಲಿನಿಂದ ಉಜ್ಜಿ ಅಚ್ಚು ತೆಗೆಯಬೇಕು; ಅದಕ್ಕೆ ಪೆನ್ಸಿಲ್ ಪ್ರಿಂಟ್ ಎನ್ನುತ್ತಾರೆ. ಒಂದು ಅಂಕಿಯ ಮೇಲೆ ಮಾತ್ರ ತುಕ್ಕು ಕೂತಿತ್ತು. ಇನ್‌ಸ್ಪೆಕ್ಟರು ಸಜ್ಜನರು. ಕಾಗದವನ್ನು ಬೆಳಕಿಗೆ ಹಿಡಿದು, "ಇದು ಮೂರಲ್ಲೇನ್ರಿ? ಮೂರೇ ಇರ್ಬೇಕು" ಎಂದು ಬರೆಯಹೊರಟರು.

ಅಲ್ಲಿ ಸುಮ್ಮನಿದ್ದಿದ್ದರೆ ಈ ಪ್ರಬಂಧವೇ ಇರುತ್ತಿರಲಿಲ್ಲ. "ಮೂರು ಅಂತ ಹೇಗೆ ಹೇಳ್ತೀರಿ ಸರ್?" ಎಂದಿತು ನನ್ನ ಬಾಯಿ. ಎಡಭಾಗದಲ್ಲಿ ತುಕ್ಕಿದೆ, ತುಕ್ಕಿನ ಅಡಿಯಲ್ಲಿ ಏನೂ ಇಲ್ಲ ಎನ್ನಲು ಆಧಾರವೇನು? ಮೂರರ ಎರಡೂ ಹೊಟ್ಟೆಗಳನ್ನು ಆ ಕಡೆ ಮುಚ್ಚಿದರೆ ಅದು ಎಂಟೂ ಆಗಬಹುದಲ್ಲವೇ? ಅವರು ಕನ್ನಡಕ ಹಾಕಿಕೊಂಡು ಬಗ್ಗಿ ನೋಡಿದರು. "ಖರೇ ಐತಮ್ಮ. ನೀವು ಹೇಳಿದ ಮ್ಯಾಲೆ ಎಂಟೇ ಕಾಣ್ತೈತೆ." ನನ್ನ ವಾದವನ್ನು ಎದುರಾಳಿ ಇಡಿಯಾಗಿ ಒಪ್ಪಿದ್ದು ಜೀವನದಲ್ಲಿ ಅದೇ ಮೊದಲು. ಎದೆಯುಬ್ಬಿಸಿ ಅತ್ತೆಯತ್ತ ತಿರುಗಿದೆ. ಅವಳು ಆರ್‌ಸಿ ಪುಸ್ತಕ ಹಿಡಿದು ನನ್ನನ್ನೇ ನೋಡುತ್ತಿದ್ದಳು. ಅದರಲ್ಲಿ ಮೂರು ಎಂದಿತ್ತು.

"ಹಂಗಾದ್ರೆ ಈ ಕಾಗದ ಬ್ಯಾರೆ, ಈ ಗಾಡಿ ಬ್ಯಾರೆ" ಎಂದರು ಇನ್‌ಸ್ಪೆಕ್ಟರು, ನಿಧಾನವಾಗಿ. ಒಂದೇ ಉಸಿರಿನಲ್ಲಿ ಅತ್ತೆಯ ಸ್ಕೂಟರನ್ನು ಕಳ್ಳಮಾಲು ಮಾಡಿದ್ದೆ. ತಕ್ಷಣ ಪಕ್ಷ ಬದಲಿಸಿ, ಅದು ಮೂರೇ ಎಂದು ಇನ್ನೂ ಜೋರಾಗಿ ಸಾಧಿಸತೊಡಗಿದೆ. "ಬ್ಯಾಡಮ್ಮ, ಮೊದ್ಲು ಹೇಳಿದ್ದೇ ಚಲೋ ಇತ್ತು" ಎಂದು ಅವರು ತಲೆಯಾಡಿಸಿದರು. "ನಾಳೆ ಅಂಕಿ ಕಾಣೋ ಹಂಗೆ ತಗೊಂಡು ಬರ್ರಿ. ಕಾಣ್ಲಿಲ್ಲ ಅಂದ್ರೆ ಸೊಲ್ಲಾಪುರಕ್ಕೆ ಬರೆದು ಕೇಳ್ಬೇಕಾಗ್ತೈತೆ. ಅಲ್ಲೀತನಕ ಗಾಡಿ ರಸ್ತೆಗಿಳಿಸಂಗಿಲ್ಲ."

ಹರಿಹರದ ಹಾಸಿಗೆಗಳು ನನ್ನ ಕಣ್ಣ ಮುಂದೆ ಬಂದವು. ದಾರಿಯುದ್ದಕ್ಕೂ ಅತ್ತೆ ಬೈಯಲಿಲ್ಲ, ಬೈದಿದ್ದರೆ ಸಮರ್ಥಿಸಿಕೊಳ್ಳಬಹುದಿತ್ತು. ಮನೆಗೆ ಬಂದು ನಾನು ಪ್ರಾಯಶ್ಚಿತ್ತಕ್ಕೆಂದು ಸ್ಯಾಂಡ್‌ಪೇಪರ್ ಹಿಡಿದು ಕೂತಾಗ ಮಾತ್ರ ಕೈಯಿಂದ ಕಿತ್ತುಕೊಂಡಳು. "ಗಾಯ ಕೆರೀತಾರೇನೇ ಯಾರಾದ್ರೂ? ನಂಬರ್ ತಿದ್ದ್ಯಾರ ಅಂತ ಇನ್ನೊಂದು ಕೇಸಾಗ್ತೈತೆ, ಸರಿ ಅತ್ಲಾಗ." ಒಳಗಿನಿಂದ ನೆನೆಸಿದ ಹುಣಸೆಹಣ್ಣು ತಂದು ತುಕ್ಕಿನ ಮೇಲೆ ಮೆತ್ತಿ, ಅಡುಗೆ ಮುಗಿಯುವ ತನಕ ಬಿಟ್ಟಳು. ಆಮೇಲೆ ಹತ್ತಿಯಲ್ಲಿ ಒತ್ತಿ ಒತ್ತಿ ಒರೆಸಿದಳು, ಮತ್ತೆ ಮೆತ್ತಿದಳು. ನೋವಾಗುತ್ತದೇನೋ ಎಂಬಂಥ ಆ ಹಗುರ ಬೆರಳುಗಳನ್ನು ನೋಡುತ್ತಾ, ಜನ ಅವಳಿಗೇಕೆ ಕಾಯುತ್ತಾರೆಂದು ನನಗೆ ತಿಳಿಯಿತು. "ಮೊದ್ಲು ತೊಳೀಬೇಕು, ಆಮ್ಯಾಲೆ ಏನಾಗೈತೆ ಅಂತ ಹೇಳ್ಬೇಕು. ನೀನು ತೊಳೆಯಂಗೇ ಇಲ್ಲ" ಎಂದಳು. ಇದಕ್ಕೂ ಒಂದು ಪ್ರತ್ಯುತ್ತರವಿತ್ತು. ನುಂಗಿದೆ.

ಮರುದಿನ ಕಚೇರಿಯ ಗೇಟಿನಲ್ಲಿ ನನ್ನ ಬಾಯಿಗೊಂದು ಪೆಪ್ಪರ್‌ಮೆಂಟು ಹಾಕಿ, "ಥರ್ಮಾಮೀಟರ್ ಅಂತ ತಿಳ್ಕೋ. ನಾನು ತಗಿ ಅನ್ನೋತನಕ ತುಟಿ ಬಿಚ್ಚಬ್ಯಾಡ" ಎಂದಳು. ಅಚ್ಚು ತೆಗೆದಾಗ ದುಂಡನೆಯ ಮೂರು ಮೂಡಿತು. ಇನ್‌ಸ್ಪೆಕ್ಟರು ಅನುಮಾನದಿಂದ ನನ್ನತ್ತ ನೋಡಿ, "ಏನಮ್ಮಾ, ಇದಕ್ಕೇನಾದ್ರೂ ಹೇಳೋದೈತೇನು?" ಎಂದರು. ನಾನು ಪೆಪ್ಪರ್‌ಮೆಂಟನ್ನು ಎಡಗೆನ್ನೆಯಿಂದ ಬಲಗೆನ್ನೆಗೆ ಸರಿಸಿ ಇಲ್ಲವೆಂದು ತಲೆಯಾಡಿಸಿದೆ. ನನ್ನ ಅತ್ಯುತ್ತಮ ವಾದ ಅದೇ ಇರಬೇಕು.

ಹೊಸ ನಂಬರ್ ಬಂತು. ಅತ್ತೆ ಮೊದಲು ಉಕ್ಕಡಗಾತ್ರಿಯ ದೇವಸ್ಥಾನಕ್ಕೆ ಹೋಗಿ ಗಾಡಿ ಪೂಜೆ ಮಾಡಿಸಿದಳು. ದೇವರನ್ನು ನಂಬದ ನಾನು ಹಿಂದಿನ ಸೀಟಿನಲ್ಲಿ ಕೂತು ತೆಂಗಿನಕಾಯಿ ಹಿಡಿದಿದ್ದೆ. ಮಾತಾಡಲಿಲ್ಲ. ನಾನು ಬದಲಾದೆನೆಂದೇ ಎಲ್ಲರೂ ತಿಳಿದರು.

ಮೊನ್ನೆ ಸಾರಿಗೆ ನೆನೆಸಿ ಉಳಿದ ಹುಣಸೆಹಣ್ಣಿನಲ್ಲಿ ಅತ್ತೆ ಷೋಕೇಸಿನ ನನ್ನ ಕಪ್ಪನ್ನೂ ತಿಕ್ಕಿದಳು. ಫಳಫಳ ಹೊಳೆಯಿತು. ಅದರ ಹೊಟ್ಟೆಯ ಮೇಲೆ "ದ್ವಿತೀಯ ಬಹುಮಾನ" ಎಂದು ಸೊಗಸಾಗಿ ಕೊರೆದಿತ್ತು. ಅಮ್ಮ ನನ್ನ ಮುಖ ನೋಡಿದಳು. ಬೆಳಕು ಓರೆಯಾಗಿ ಬೀಳುತ್ತಿದೆ, ಅಕ್ಷರಗಳು ಸವೆದಿವೆ, ಇಷ್ಟರ ಮೇಲೆ ಒಂದು ತೀರ್ಮಾನಕ್ಕೆ ಬರುವುದು ಆತುರವಾದೀತು ಎಂದು ನಾನು ಶುರುಮಾಡಿದೆ.

ಅತ್ತೆ ಕೈ ಒರೆಸಿಕೊಂಡು ಕೇಳಿದಳು: "ಹಂಗಾದ್ರೆ ಪೆನ್ಸಿಲ್ ಪ್ರಿಂಟ್ ತಗೀಲೇನು?"