ಮಾವನವರ ತಾಂಬೂಲ ಮತ್ತು ಬೇಸ್‌ಬಾಲಿನ ಪುನರಾಗಮನ

ಊಟ ಮಾಡುತ್ತ ಓದುವ ಅಭ್ಯಾಸವಿರುವವರು ದಯವಿಟ್ಟು ಊಟ ಮುಗಿಸಿ, ಕೈ ತೊಳೆದುಕೊಂಡು ಬನ್ನಿ. ಏಕೆಂದರೆ ನಾನು ಬರೆಯಹೊರಟಿರುವುದು ಉಗುಳುವುದನ್ನು ಕುರಿತು. ಇದು ಮರ್ಯಾದಸ್ಥರ ಪ್ರಬಂಧಕ್ಕೆ ತಕ್ಕ ವಸ್ತುವಲ್ಲ ಎಂದು ನನಗೂ ಗೊತ್ತು. ಕಾಫಿ, ಕೊಡೆ, ಕನ್ನಡಕ, ಹೆಂಡತಿಯ ತವರು, ಹೀಗೆ ಬರೆಯುವುದಕ್ಕೆ ಎಷ್ಟೋ ಸಭ್ಯ ವಿಷಯಗಳಿವೆ. ಆದರೆ 2020ರ ಬೇಸಿಗೆಯಲ್ಲಿ ನಮ್ಮ ಮನೆಯ ಶಾಂತಿ ಮತ್ತು ನನ್ನ ಮಾನ ಎರಡೂ ಹಿರಿಯರೊಬ್ಬರ ಬಾಯೊಳಗಿನ ಎಂಜಲಿನ ಮೇಲೆ ನಿಂತಿದ್ದವು. ನಿಂತಿದ್ದವು ಎನ್ನುವುದೂ ಪೂರ್ತಿ ಸರಿಯಲ್ಲ. ಒಂದು ಉಳಿಯಿತು, ಇನ್ನೊಂದು ಹೋಯಿತು.

ಆ ಹಿರಿಯರು ನನ್ನ ಮಾವನವರು, ಅಂದರೆ ನನ್ನ ಹೆಂಡತಿ ಸುಮಳ ತಂದೆ. ಮೈಸೂರಿನ ಹೈಸ್ಕೂಲೊಂದರಲ್ಲಿ ಪಿ.ಟಿ. ಮೇಷ್ಟ್ರಾಗಿದ್ದು ನಿವೃತ್ತರಾದವರು. ಚಳಿಗಾಲದಲ್ಲಿ ಮಗಳ ಮನೆ ನೋಡಲೆಂದು ಅಮೆರಿಕದ ಫೇರ್‌ಫ್ಯಾಕ್ಸಿಗೆ ಬಂದರು. ಬೇವು ಬೆಲ್ಲದ ಹೊತ್ತಿಗೆ ವಾಪಸು ಹೋಗುವುದೆಂದು ಟಿಕೆಟ್ಟೂ ಆಗಿತ್ತು. ಅಷ್ಟರಲ್ಲಿ ರೋಗ ಬಂತು, ವಿಮಾನಗಳು ನಿಂತವು, ಮಾವನವರು ನಮ್ಮ ಮನೆಯ ಮಹಡಿಯ ಕೋಣೆಯಲ್ಲಿ ಸಿಕ್ಕಿಬಿದ್ದರು. ಅವರ ಜೊತೆಗೆ ಒಂದು ಚೀಲ ಅಡಿಕೆ ಮತ್ತು ಒಂದು ಸುಣ್ಣದ ಡಬ್ಬಿಯೂ ಸಿಕ್ಕಿಬಿದ್ದವು. ಎಲೆ ಮಾತ್ರ ಇಲ್ಲಿಯೇ ಸಿಗಬೇಕು. ವಾರಕ್ಕೊಮ್ಮೆ ನಾನು ಇಂಡಿಯನ್ ಸ್ಟೋರಿನ ಮುಂದೆ ಕಾರು ನಿಲ್ಲಿಸಿ, ಒಳಗಿನಿಂದ ಬಂದ ಹುಡುಗ ಕಾರಿನ ಡಿಕ್ಕಿಯಲ್ಲಿ ವೀಳ್ಯದೆಲೆಯ ಕಟ್ಟು ಇಡುವವರೆಗೆ ಕಿಟಕಿಯ ಗಾಜು ಏರಿಸಿಕೊಂಡು ಕೂತಿರುತ್ತಿದ್ದೆ. ಮನೆಗೆ ತಂದ ಎಲೆಯನ್ನು ಸುಮ ಒಂದೊಂದಾಗಿ ತೊಳೆದು ಟವೆಲಿನ ಮೇಲೆ ಹರವುತ್ತಿದ್ದಳು. ಮಾವನವರು ಅದನ್ನು ನೋಡಿ, "ನನ್ನ ಮದುವೇಲೂ ನಂಗೆ ಇಷ್ಟು ಚೆನ್ನಾಗಿ ಸ್ನಾನ ಮಾಡಿಸಿರ್ಲಿಲ್ಲ" ಎನ್ನುತ್ತಿದ್ದರು.

ಆ ತಮಾಷೆಯೂ ಹೆಚ್ಚು ದಿನ ಉಳಿಯಲಿಲ್ಲ. ಮೈಸೂರಿನಲ್ಲಿ ಸಂಜೆಯಾದರೆ ಪಾರ್ಕಿನ ಕಲ್ಲುಬೆಂಚು, ನಾಲ್ಕು ಜನ ಗೆಳೆಯರು, ರಾಜಕೀಯ, ಜಗಳ ಎಲ್ಲ ಇದ್ದ ಮನುಷ್ಯ. ಇಲ್ಲಿ ಅಳಿಯ ಒಂದು ಕೋಣೆಯಲ್ಲಿ ಲ್ಯಾಪ್‌ಟಾಪಿಗೆ ಮಾತಾಡುತ್ತಾನೆ, ಮಗಳು ಇನ್ನೊಂದು ಕೋಣೆಯಲ್ಲಿ ಲ್ಯಾಪ್‌ಟಾಪಿಗೆ ಮಾತಾಡುತ್ತಾಳೆ. ಮೊದಲು ಅವರ ಮಾತು ಕಡಿಮೆಯಾಯಿತು. ಆಮೇಲೆ ಊಟ ಕಡಿಮೆಯಾಯಿತು. ಒಂದು ದಿನ ನಾನು ಕಾಫಿ ಕೊಡಲು ಹೋದಾಗ ಗೋಡೆಯ ಕಡೆ ತಿರುಗಿ ಸುಮ್ಮನೆ ಕೂತಿದ್ದರು. ಗೋಡೆಯ ಮೇಲೆ ಏನೂ ಇರಲಿಲ್ಲ. ಸುಮ ಅಡುಗೆಮನೆಯಲ್ಲಿ ನಲ್ಲಿ ಜೋರಾಗಿ ಬಿಟ್ಟುಕೊಂಡು ಅತ್ತಳು.

ನಮ್ಮನ್ನು ಕಾಪಾಡಿದವರು ಪಕ್ಕದ ಮನೆಯ ವಾಲ್ಟರ್. ಹೆಂಡತಿ ತೀರಿಕೊಂಡ ಮೇಲೆ ಒಂಟಿಯಾಗಿದ್ದ, ಎದೆಗೆ ಬೈಪಾಸ್ ಆಗಿದ್ದ, ಅಂಚೆ ಇಲಾಖೆಯಿಂದ ನಿವೃತ್ತರಾಗಿದ್ದ ಮನುಷ್ಯ. ಅವರ ಗರಾಜಿನಲ್ಲಿ ಒಂದು ದೊಡ್ಡ ಟೀವಿ. ಬೇಸ್‌ಬಾಲ್ ಋತು ನಿಂತುಹೋಗಿದ್ದರಿಂದ ಅವರು ಹಳೆಯ ಪಂದ್ಯಗಳನ್ನೇ ಹಾಕಿಕೊಂಡು, ಫಲಿತಾಂಶ ಗೊತ್ತಿದ್ದರೂ ಉಸಿರು ಬಿಗಿಹಿಡಿದು ನೋಡುತ್ತಿದ್ದರು. ಒಂದು ಸಂಜೆ ಮಾವನವರು ನಮ್ಮ ಡ್ರೈವ್‌ವೇ ತುದಿಯಲ್ಲಿ ನಿಂತು ಇಣುಕಿದ್ದನ್ನು ಕಂಡು ವಾಲ್ಟರ್ ಕುರ್ಚಿ ತಂದುಕೊಳ್ಳಿ ಎಂದು ಸನ್ನೆ ಮಾಡಿದರು. ಅವತ್ತಿನಿಂದ ಹುಲ್ಲಿನ ಪಟ್ಟಿಯ ಆಚೆ ವಾಲ್ಟರ್, ಈಚೆ ಮಾವನವರು. ಅವರು ಸೂರ್ಯಕಾಂತಿ ಬೀಜ ಜಗಿದು ಸಿಪ್ಪೆಯನ್ನು ಲೋಟಕ್ಕೆ ಉಗುಳುತ್ತಿದ್ದರು, ಇವರು ಎಲೆಅಡಿಕೆ ಜಗಿದು ಸುಮಳ ಹೂವಿನ ಗಿಡಕ್ಕೆ ಉಗುಳುತ್ತಿದ್ದರು. ಒಬ್ಬರ ಇಂಗ್ಲಿಷ್ ಇನ್ನೊಬ್ಬರಿಗೆ ಅರ್ಥವಾಗುತ್ತಿರಲಿಲ್ಲ, ಆದ್ದರಿಂದ ಸ್ನೇಹ ಬೇಗ ಬೆಳೆಯಿತು. ಮಾವನವರು ಮತ್ತೆ ಎರಡು ಸಲ ಅನ್ನ ಹಾಕಿಸಿಕೊಳ್ಳತೊಡಗಿದರು.

ಆದರೆ ಬೇಸ್‌ಬಾಲ್ ನೋಡುತ್ತ ಅವರಿಗೆ ಮೊದಲನೆಯ ಆಘಾತವಾಯಿತು. ಆಟಗಾರರು ಉಗುಳುತ್ತಿದ್ದರು. ಹೊಡೆಯುವವನು ಹೊಡೆಯುವ ಮುಂಚೆ, ಎಸೆಯುವವನು ಎಸೆಯುವ ಮುಂಚೆ, ಬೆಂಚಿನಲ್ಲಿ ಕೂತವನು ಕೆಲಸವಿಲ್ಲದ್ದಕ್ಕೆ. ನಲವತ್ತು ವರ್ಷ ಮೈದಾನದಲ್ಲಿ ಮಕ್ಕಳಿಗೆ ಶಿಸ್ತು ಹೇಳಿಕೊಟ್ಟ ಮೇಷ್ಟ್ರು ಮನೆಯೊಳಗೆ ಬಂದು ನನ್ನ ಮುಂದೆ ನಿಂತರು. "ಅಳಿಯಂದ್ರೇ, ಇವ್ರೆಲ್ಲಾ ಕೋಟ್ಯಧೀಶ್ವರರು ತಾನೇ?" ಹೌದು ಎಂದೆ. "ಟೀವೀಲಿ ದೇಶಕ್ಕೆ ದೇಶವೇ ನೋಡ್ತಿರತ್ತೆ ತಾನೇ?" ಹೌದು ಎಂದೆ. "ಮತ್ತೆ ನಿಮ್ಮ ಹೆಂಡ್ತಿ ಒಂದು ಗಿಡದ ಬುಡಕ್ಕೆ ಹಾಕಿದ್ರೆ ಯಾಕೆ ಹಂಗಾಡ್ತಾಳೆ?" ಅಂದಿನಿಂದ ಸುಮ ಗೊಣಗಿದಾಗಲೆಲ್ಲ ಅವರು ಅಮೆರಿಕದ ರಾಷ್ಟ್ರೀಯ ಕ್ರೀಡೆಯನ್ನು ಸಾಕ್ಷಿಗೆ ಕರೆಯುತ್ತಿದ್ದರು.

ಅಷ್ಟರಲ್ಲಿ ಬೇಸ್‌ಬಾಲ್ ಮತ್ತೆ ಶುರುವಾಗುತ್ತದೆಂಬ ಸುದ್ದಿ ಬಂತು. ಅದಕ್ಕೊಂದು ನಿಯಮಾವಳಿ, ಪಂಚಾಂಗಕ್ಕಿಂತ ದಪ್ಪ. ನಾನು ಸರ್ಕಾರಿ ಗುತ್ತಿಗೆ ಕಂಪನಿಯಲ್ಲಿ ನಿಯಮಪಾಲನೆಯ ಕಾಗದ ಬರೆಯುವವನಾದ್ದರಿಂದ ಪತ್ರಿಕೆಯಲ್ಲಿ ಬಂದಷ್ಟನ್ನು ಆಸೆಯಿಂದ ಓದಿ ಅವರಿಗೆ ಅನುವಾದಿಸಿದೆ. ಕೈ ಕುಲುಕುವಂತಿಲ್ಲ. ತಬ್ಬಿಕೊಳ್ಳುವಂತಿಲ್ಲ. ಅಂಪೈರಿನ ಮುಖಕ್ಕೆ ಮುಖ ಕೊಟ್ಟು ಜಗಳವಾಡುವಂತಿಲ್ಲ. ಪ್ರೇಕ್ಷಕರಿಲ್ಲ, ಅವರ ಬದಲು ರಟ್ಟಿನ ಕಟೌಟುಗಳು. ಕೂಗಾಟ ಕೂಡ ಮೊದಲೇ ರೆಕಾರ್ಡ್ ಮಾಡಿದ್ದು. ನಮ್ಮ ಕಡೆ ಕಟೌಟ್ ಎಂದರೆ ಥಿಯೇಟರಿನ ಮುಂದೆ ನಿಂತು ಅಭಿಮಾನಿಗಳಿಂದ ಹಾಲೆರೆಸಿಕೊಳ್ಳುವ ನಾಯಕನದು. ಇಲ್ಲಿ ಅಭಿಮಾನಿಯೇ ಕೈಯಿಂದ ದುಡ್ಡು ಹಾಕಿ ತಾನೇ ಕಟೌಟ್ ಆಗಬೇಕು ಎಂದಾಗ ಮಾವನವರು ಕನ್ನಡಕ ತೆಗೆದು ಒರೆಸಿಕೊಂಡರು. ಕೊನೆಯಲ್ಲಿ, ಉಗುಳುವಂತಿಲ್ಲ, ಸೂರ್ಯಕಾಂತಿ ಬೀಜವೂ ಇಲ್ಲ ಎಂದೆ. ಮಾವನವರ ಕಡೆಯ ಏಕೈಕ ಸಾಕ್ಷಿ ನ್ಯಾಯಾಲಯದಲ್ಲಿ ತಿರುಗಿಬಿದ್ದಿತ್ತು.

ಇದೇ ಹೊತ್ತಿಗೆ ಸುಮ ದಿನವಿಡೀ ಸುದ್ದಿ ನೋಡಿ ನೋಡಿ ಹೆದರಿದಳು. ಅಪ್ಪನಿಗೆ ಎಪ್ಪತ್ತು ದಾಟಿದೆ, ಸಕ್ಕರೆ ಕಾಯಿಲೆ ಬೇರೆ, ಗರಾಜಿನ ಸಹವಾಸ ಸಾಕು ಎಂದು ಕುರ್ಚಿ ಒಳಗೆ ತಂದಿಟ್ಟಳು. ಮಾವನವರು ಮಹಡಿ ಹತ್ತಿ ಹೋಗಿ ಮತ್ತೆ ಗೋಡೆಯ ಕಡೆ ತಿರುಗಿ ಕೂತರು. ಅದನ್ನು ನೋಡಲಾರದೆ ನಾನು ಮಧ್ಯಸ್ಥಿಕೆಗೆ ಇಳಿದೆ. ಅಷ್ಟು ದೊಡ್ಡ ಲೀಗೇ ನಿಯಮ ಹಾಕಿಕೊಂಡು ಆಡುವಾಗ ಎರಡು ಕುರ್ಚಿ ಯಾಕೆ ಆಗಬಾರದು ಎಂದೆ. ಸುಮ ಒಂದು ರಾತ್ರಿ ಯೋಚಿಸಿ ಷರತ್ತು ಹಾಕಿದಳು.

"ದೂರ ಕೂತ್ಕೋಬೇಕು. ಮಾಸ್ಕ್ ತೆಗೀಬಾರ್ದು. ಉಗುಳಲೇಬಾರ್ದು. ರೀ, ನೀವೇ ಸೇಫ್ಟಿ ಆಫೀಸರ್. ಅಪ್ಪನ ಪಕ್ಕ ಬಿಟ್ಟು ಅಲ್ಲಾಡಬಾರ್ದು."

ಮಾವನವರು ತಕ್ಷಣ ಒಪ್ಪಿಕೊಂಡರು. ಇಷ್ಟು ಸಲೀಸಾಗಿ ಒಪ್ಪಿಕೊಂಡಾಗಲೇ ನನಗೆ ಅನುಮಾನ ಬರಬೇಕಿತ್ತು. ಸುಮ ಅವರ ಹಳೆಯ ಬಿಳಿ ಪಂಚೆ ಹರಿದು ಮಾಸ್ಕ್ ಹೊಲಿದುಕೊಟ್ಟಳು.

ಆರಂಭದ ಪಂದ್ಯ ನಮ್ಮ ವಾಷಿಂಗ್ಟನ್ನಿನಲ್ಲೇ. ವಾಲ್ಟರ್ ತಮ್ಮ ತಂಡದ ಟೋಪಿ ಹಾಕಿಕೊಂಡು, ಮದುವೆಗೆ ಹೊರಟವರ ಹಾಗೆ ಗಡ್ಡ ಹೆರೆದುಕೊಂಡು ಕೂತಿದ್ದರು. ಮಾವನವರು ಶುಭ್ರ ಬಿಳಿಯ ಮಾಸ್ಕಿನಲ್ಲಿ ಬಂದು ನೆಟ್ಟಗೆ ಕೂತರು. ಕೆನ್ನೆ ಸ್ವಲ್ಪ ಉಬ್ಬಿದಂತೆ ಕಂಡಿತು. ನಾನು ಬಗ್ಗಿ ಕೇಳಿದೆ. ಅವರು ಮಾಸ್ಕಿನೊಳಗಿನಿಂದ ಮೂಗಿನಲ್ಲಿ ಹೇಳಿದರು: "ಉಗುಳಬಾರ್ದು ಅಂದಿದಾಳೆ. ಹಾಕ್ಕೋಬಾರ್ದು ಅಂದಿಲ್ಲ."

ಕಾನೂನಿನ ಪ್ರಕಾರ ಅವರು ಹೇಳಿದ್ದು ಸರಿಯೇ. ಆದರೆ ತಾಂಬೂಲಕ್ಕೆ ಕಾನೂನು ಗೊತ್ತಿಲ್ಲ. ಅದು ರಸ ಬಿಡುತ್ತದೆ, ಬಿಡುತ್ತಲೇ ಇರುತ್ತದೆ. ಕಬಡ್ಡಿಯಾದರೆ ಒಂದು ಉಸಿರಿನಲ್ಲಿ ಮುಗಿಯುತ್ತದೆ, ಬೇಸ್‌ಬಾಲಿಗೆ ಅಂಥ ಅವಸರ ಯಾವತ್ತೂ ಇಲ್ಲ. ಬಿಡುವಿನಲ್ಲಿ ಒಳಗೆ ಹೋಗಿ ಸಿಂಕಿಗೆ ಉಗುಳಿ ಬರುವುದು ಅವರ ಯೋಜನೆ. ಬಿಡುವು ಎಂದು ಅವರಿಗೆ ತೋರುವಂಥದ್ದೇನೂ ಬರಲಿಲ್ಲ. ಅಷ್ಟರಲ್ಲಿ ಯಾರೋ ಚೆಂಡನ್ನು ಆಕಾಶಕ್ಕೆ ಹೊಡೆದ. ಖಾಲಿ ಮೈದಾನದಲ್ಲಿ ಇಲ್ಲದ ಜನ ಹೋ ಎಂದರು. ಮಾವನವರೂ ಮೈಮರೆತು ಹೋ ಎನ್ನಲು ಹೋದರು.

ಬಿಳಿ ಮಾಸ್ಕಿನ ನಡುವೆ ಮೊದಲು ಕುಂಕುಮದ ಬೊಟ್ಟಿನಷ್ಟು ಕೆಂಪು ಮೂಡಿತು. ನೋಡನೋಡುತ್ತ ಹಪ್ಪಳದಷ್ಟಾಯಿತು. ಆಮೇಲೆ ಗದ್ದದ ಕಡೆಯಿಂದ ತೊಟ್ಟಿಕ್ಕಿತು. ಉಸಿರಾಟದ ರೋಗಕ್ಕೆ ಜಗತ್ತೇ ನಡುಗುತ್ತಿದ್ದ ಕಾಲ. ಗಿಡದ ಬುಡಕ್ಕೆ ಬೀಳುವ ಉಗುಳಿನ ಬಣ್ಣವನ್ನು ಎಂದೂ ಹತ್ತಿರದಿಂದ ಕಂಡಿರದ ವಾಲ್ಟರ್, ತಿರುಗಿ ನೋಡಿದವರು ಹಾಗೇ ಬಿಳಿಚಿಕೊಂಡರು. ಒಂದು ಕೈಯಲ್ಲಿ ತುರ್ತು ಸಹಾಯದ 911 ಒತ್ತುತ್ತ, ಹುಲ್ಲು ದಾಟಿ ಬಂದು, ಮಾವನವರ ಭುಜಕ್ಕೆ ತೋಳು ಹಾಕಿ, ಹೆದರಬೇಡ ಗೆಳೆಯ, ನಾನಿದ್ದೇನೆ ಎಂದು ಹೇಳುತ್ತಲೇ ಇದ್ದರು. ಮಾವನವರು ಬಾಯಿ ಬಿಡುವಂತಿಲ್ಲ. ಬಿಟ್ಟರೆ ನಿಯಮಭಂಗ. ನುಂಗುವಂತಿಲ್ಲ, ನುಂಗಿದರೆ ತಲೆ ತಿರುಗುತ್ತದೆ. ಅವರು ಎರಡೂ ಕೈ ಎತ್ತಿ ಖೋಖೋ ರೆಫರಿಯ ಹಾಗೆ ಏನೇನೋ ಸಂಜ್ಞೆ ಮಾಡಿದರು. ವಾಲ್ಟರಿಗೆ ಅದು ಕೊನೆಗಾಲದ ಒದ್ದಾಟದಂತೆ ಕಂಡು ಇನ್ನೂ ಗಟ್ಟಿಯಾಗಿ ಹಿಡಿದುಕೊಂಡರು.

ಇಲ್ಲಿ ಆಂಬ್ಯುಲೆನ್ಸ್ ಕರೆದರೆ ಜೊತೆಗೆ ಬೆಂಕಿ ಆರಿಸುವ ಗಾಡಿಯೂ ಬರುತ್ತದೆ. ಎರಡೂ ಬಂದವು. ಬೀದಿಯ ಅಷ್ಟೂ ಬಾಗಿಲುಗಳು ತೆರೆದವು. ತಲೆಯಿಂದ ಕಾಲಿನವರೆಗೆ ಮುಚ್ಚಿಕೊಂಡಿದ್ದ ಹೆಂಗಸೊಬ್ಬಳು ಇಳಿದು ಬಂದು ಎಷ್ಟು ಹೊತ್ತಿನಿಂದ ರಕ್ತ ಬರುತ್ತಿದೆ ಎಂದು ಕೇಳಿದಳು. ಅಷ್ಟರಲ್ಲಿ ಸುಮ ಒಳಗಿನಿಂದ ಸ್ಟೀಲ್ ಚೊಂಬು ಹಿಡಿದು ಬರಿಗಾಲಲ್ಲಿ ಓಡಿಬಂದಳು.

"ಅಪ್ಪ, ಉಗುಳಿ."

ಅವರು ತಲೆ ಅಲ್ಲಾಡಿಸಿದರು. ಶಿಸ್ತಿನ ಮನುಷ್ಯ.

"ರೂಲ್ ಮಾಡಿದ್ದು ನಾನೇ ಅಲ್ವಾ? ನಾನೇ ಹೇಳ್ತಿದೀನಿ, ಉಗುಳಿ ಅಪ್ಪ."

ಅವರು ಉಗುಳಿದರು. ಆ ಹೆಂಗಸು ಎರಡು ಹೆಜ್ಜೆ ಹಿಂದೆ ಸರಿದಳು. ಮಾವನವರು ಪಂಚೆಯ ತುದಿಯಿಂದ ಬಾಯಿ ಒರೆಸಿಕೊಂಡು, ಮೈದಾನದ ಇಂಗ್ಲಿಷಿನಲ್ಲಿ, "ನಥಿಂಗ್ ಮೇಡಂ. ಓನ್ಲಿ ಫಾರ್ ಡೈಜೆಶನ್" ಎಂದರು. ಸುಮ ಎಲೆ ತಂದು ತೋರಿಸಿ ವಿವರಿಸಿದಳು. ಹೆಂಗಸು ಅವರ ಬೆರಳಿಗೆ ಯಂತ್ರ ಸಿಕ್ಕಿಸಿ ನೋಡಿ, ಎಲ್ಲ ಚೆನ್ನಾಗಿದೆ ಎಂದಳು. ಆಮೇಲೆ ನನ್ನ ಮುಖ ನೋಡಿ ನನ್ನ ಬೆರಳಿಗೂ ಸಿಕ್ಕಿಸಿದಳು. ವಾಲ್ಟರ್ ಹುಲ್ಲಿನ ಮೇಲೆ ಕುಸಿದು ಕೂತು ನಗುತ್ತಿದ್ದರು, ಕಣ್ಣಲ್ಲಿ ನೀರಿತ್ತು.

ಅವತ್ತು ಮೈಸೂರಿನ ನೆಂಟರಿಗೆಲ್ಲ ವಿಡಿಯೊ ಕಾಲಿನಲ್ಲಿ ಈ ಕಥೆ ಹೇಳಿದವನು ನಾನು. ಎಲ್ಲರೂ ಗಾಬರಿಯಾಗಿದ್ದರು, ನಾನೊಬ್ಬನೇ ಸಮಾಧಾನವಾಗಿ ಮಾವನವರ ಪಕ್ಕದಲ್ಲೇ ನಿಂತಿದ್ದೆ ಎಂದೆ. ಎಲೆ ತಂದವನೇ ನಾನಲ್ಲವೇ, ನನಗೆ ಗಾಬರಿ ಯಾಕೆ ಎಂದೂ ಸೇರಿಸಿದೆ. ಭಾವಮೈದ, "ಭಾವ, ನೀವಿದ್ರಿ ಅಂತ ಆಯ್ತು" ಎಂದ.

ಮರುದಿನ ಬೆಳಿಗ್ಗೆ ಸುಮಳಿಗೆ ವಾಲ್ಟರ್ ಚಿಂತೆ ಹತ್ತಿತು. ಬೈಪಾಸ್ ಆದವರು ಮಾಸ್ಕ್ ಹಾಕಿಕೊಂಡೇ ಬಂದಿದ್ದರೋ ಇಲ್ಲವೋ ನೋಡೋಣ ಎಂದು ಬಾಗಿಲಿನ ಕ್ಯಾಮರಾದ ವಿಡಿಯೊ ತೆಗೆದಳು. ಮೂವರೂ ಊಟದ ಮೇಜಿನ ಹತ್ತಿರ ಕೂತು ನೋಡಿದೆವು. ಕೆಂಪು ಹರಡುತ್ತದೆ. ವಾಲ್ಟರ್ ಇನ್ನೂ ಕುರ್ಚಿಯಿಂದ ಎದ್ದಿಲ್ಲ. ಅಷ್ಟರಲ್ಲೇ ಮಾವನವರ ಪಕ್ಕದಲ್ಲಿದ್ದ ಅರ್ಧ ಚಡ್ಡಿಯ ಗಂಡಸೊಬ್ಬ ಹಿಂದಕ್ಕೆ ಹಾರಿ, ಹೂವಿನ ಗಿಡ ತುಳಿದು, ಮರುಬಳಕೆಯ ಕಸದ ಡಬ್ಬಿಯ ಹಿಂದೆ ಮರೆಯಾಗುತ್ತಾನೆ. ಆಂಬ್ಯುಲೆನ್ಸ್ ಬರುವವರೆಗೂ ಡಬ್ಬಿಯ ಮೇಲೆ ಅವನ ಹಣೆ ಮಾತ್ರ ಕಾಣುತ್ತದೆ. ಮಾಸ್ಕೇ ಇಲ್ಲದ ವಾಲ್ಟರ್ ಮಾತ್ರ ಹುಲ್ಲು ದಾಟಿ ಬರುತ್ತಾರೆ. ನಿಜ ಹೇಳುತ್ತೇನೆ, ನಾನು ಹಾಗೆ ಓಡಿದ್ದು ನನಗೇ ಗೊತ್ತಿರಲಿಲ್ಲ. ವಿಡಿಯೊ ನೋಡಿ ನನಗಾದಷ್ಟು ಆಘಾತ ಮನೆಯಲ್ಲಿ ಇನ್ಯಾರಿಗೂ ಆಗಲಿಲ್ಲ.

"ಇನ್ನೊಂದ್ಸಲ ಹಾಕಮ್ಮ" ಎಂದರು ಮಾವನವರು. ಕನ್ನಡಕ ಸರಿಮಾಡಿಕೊಂಡು ನೋಡಿದರು. ಮತ್ತೊಮ್ಮೆ ಹಾಕಿಸಿಕೊಂಡರು. ಆಮೇಲೆ ಕಾಫಿ ಲೋಟ ಕೆಳಗಿಟ್ಟು, ನಲವತ್ತು ವರ್ಷ ಓಟದ ಸ್ಪರ್ಧೆ ನಡೆಸಿದವರ ಗಾಂಭೀರ್ಯದಿಂದ ಹೇಳಿದರು: "ಸ್ಟಾರ್ಟು ತುಂಬಾ ಚೆನ್ನಾಗಿ ತಗೊಂಡಿದೀರಿ ಅಳಿಯಂದ್ರೇ. ನಮ್ಮ ಸ್ಕೂಲಲ್ಲಿ ಇಂಥಾ ಹುಡುಗ್ರು ಸಿಕ್ತಿರ್ಲಿಲ್ಲ."

ಸುಮ ಬಹಳ ಹೊತ್ತು ಆ ವಿಡಿಯೊದಲ್ಲಿ ವಾಲ್ಟರರ ತೋಳು ಅಪ್ಪನ ಭುಜದ ಮೇಲಿದ್ದ ಜಾಗವನ್ನೇ ನಿಲ್ಲಿಸಿಕೊಂಡು ನೋಡಿದಳು. ಅಂದು ಸಂಜೆ ಅವಳೇ ಕುರ್ಚಿ ಹೊರಗೆ ಇಟ್ಟಳು. ಉಗುಳುವುದಕ್ಕೆ ಅಪ್ಪನಿಗೆ ಅನುಮತಿ ಸಿಕ್ಕಿತು, ಚೊಂಬಿನಲ್ಲಿ. ಸೇಫ್ಟಿ ಆಫೀಸರ್ ಹುದ್ದೆ ವಾಲ್ಟರಿಗೆ ಹೋಯಿತು. ಆ ಚೊಂಬನ್ನು ದಿನಾ ತೊಳೆದಿಡುವ ಹುದ್ದೆ ಖಾಲಿಯಿತ್ತು, ಅದಕ್ಕೆ ನನ್ನನ್ನು ಬಿಟ್ಟರೆ ಬೇರೆ ಅಭ್ಯರ್ಥಿಗಳಿರಲಿಲ್ಲ.

ಮಾವನವರು ವಿಮಾನ ಸಿಕ್ಕಿ ಮೈಸೂರಿಗೆ ಹೊರಡುವವರೆಗೂ ನಾನು ಆ ಕೆಲಸ ತಪ್ಪಿಸಲಿಲ್ಲ. ಒಂದು ಸಂಜೆ ನಾನು ಚೊಂಬು ಎತ್ತಿಕೊಂಡು ಹೋಗುತ್ತಿದ್ದಾಗ ವಾಲ್ಟರ್ ಮಾವನವರಿಗೆ ಕೇಳಿಸುವಂತೆ, ನೀನು ಪುಣ್ಯವಂತ, ಇಂಥ ಅಳಿಯ ಯಾರಿಗೆ ಸಿಗುತ್ತಾನೆ ಎಂದರು. ಮಾವನವರು ನನ್ನ ಮುಖ ನೋಡಿದರು. ನಾನು ಚೊಂಬು ನೋಡಿದೆ. "ಎಸ್ ಎಸ್," ಎಂದರು ಅವರು, "ವೆರಿ ಫಾಸ್ಟ್." ಆ ವಿಡಿಯೊವನ್ನು ವಾಲ್ಟರಿಗೆ ಅವರು ಕೊನೆಯವರೆಗೂ ತೋರಿಸಲಿಲ್ಲ.