ಮಸ್ಕತ್ ಸ್ಟಾರಿನ ವಿಶ್ವ ಸಂಚಾರ: ಕಡೂರಿಂದ ಅಜ್ಜಂಪುರಕ್ಕೆ

ಮೈಕಿನ ಮುಂದೆ ನಿಂತವರಿಗೆ ಏನಾದರೊಂದು ಎಡವಟ್ಟು ಆಗದೇ ಇರೋದಿಲ್ಲ. ಬಾಯಿ ತೆರೆದು ಆಲಾಪ ಎತ್ತಿದಾಗಲೇ ಹಾತೆ ಒಳಗೆ ಹೋಗುತ್ತೆ, ಕೈ ಎತ್ತಿ ನಮಸ್ಕಾರ ಮಾಡುವಾಗಲೇ ಸೆರಗು ಮೈಕಿನ ಕಂಬಕ್ಕೆ ಸಿಕ್ಕಿಕೊಳ್ಳುತ್ತೆ. ಇವೆಲ್ಲ ನನಗೂ ಆಗಿವೆ, ಬಿಡಿ. ಆದರೆ ನಮ್ಮ ಆರ್ಕೆಸ್ಟ್ರಾಕ್ಕೆ ಫಾರಿನ್ ಸ್ಟಾರು ಬಂದಾಗ ಆದದ್ದನ್ನೆಲ್ಲ ನೆನೆಸಿಕೊಂಡರೆ ಈಗಲೂ ಕೈಯಲ್ಲಿರೋ ಸೂಜಿ ಬದಿಗಿಟ್ಟು ನಕ್ಕೇ ಮುಂದಿನ ಹೊಲಿಗೆ ಹಾಕಬೇಕು.

ಎಂಬತ್ತರ ದಶಕದ ಮಾತು. ನಾನು ಕಡೂರಿನಲ್ಲಿ ಹೆಣ್ಣುಮಕ್ಕಳಿಗೆ ಹೊಲಿಗೆ ಹೇಳಿಕೊಡುತ್ತಿದ್ದೆ. ಸಂಜೆ ಹೊತ್ತು ಗಣಪತಿ ಪೆಂಡಾಲು, ರಾಜ್ಯೋತ್ಸವ, ಆರತಕ್ಷತೆ ಅಂತ ಆರ್ಕೆಸ್ಟ್ರಾದಲ್ಲಿ ಹಾಡೋಳು. ಮನೆಯಲ್ಲಿ ಒಂದೇ ಷರತ್ತು, ಅತ್ತೆ ಜೊತೆಗಿರಬೇಕು. ಹಾಗಾಗಿ ವೇದಿಕೆಯ ಮೂಲೆಯಲ್ಲಿ ಎಲೆಅಡಿಕೆ ಚೀಲ ತೊಡೆ ಮೇಲಿಟ್ಟುಕೊಂಡು ನಮ್ಮತ್ತೆ ಕೂತಿರೋರು. ಅವರ ಮುಂದೆ ಕುಟ್ಟಾಣಿ ಇರ್ತಿತ್ತಲ್ಲ, ಎಷ್ಟೋ ಊರಲ್ಲಿ ಜನ ಅದನ್ನೂ ಒಂದು ವಾದ್ಯ ಅಂದುಕೊಂಡಿದ್ದರು.

ಆರ್ಕೆಸ್ಟ್ರಾದ ಯಜಮಾನರಿಗೆ ಸೈಕಲ್ ಶಾಪಿತ್ತು. ಒಂದು ದಿನ ಅವರು ಒಬ್ಬ ಹುಡುಗನನ್ನು ಕರಕೊಂಡು ನಮ್ಮನೆಗೆ ಬಂದರು. ಭುಜದವರೆಗೆ ಕೂದಲು, ಕಪ್ಪು ಕನ್ನಡಕ, ಮಿರಿಮಿರಿ ಮಿಂಚೋ ಕೋಟು. ಕಡೂರಿನವನೇ. ಮಸ್ಕತ್ತಿಗೆ ಏರ್‌ಕಂಡೀಷನ್ ರಿಪೇರಿಗೆ ಅಂತ ಹೋಗಿ, ಅಲ್ಲಿ ಯಾವುದೋ ಹೋಟೆಲಲ್ಲಿ ಶುಕ್ರವಾರ ಶುಕ್ರವಾರ ಹಾಡಿ, ರಜೆಗೆ ಊರಿಗೆ ಬಂದಿದ್ದ.

"ಇಂಟರ್‌ನ್ಯಾಷನಲ್ ಪಾಪ್ ಸ್ಟಾರ್ ಕಣಮ್ಮ" ಅಂದರು ಯಜಮಾನರು.

"ಇಂಟರ್‌ನ್ಯಾಷನಲ್ ಹೆಂಗೆ ಯಜಮಾನ್ರೇ?" ಅಂದೆ.

"ಮಸ್ಕತ್ತಲ್ಲಿ ಹಾಡಿದಾನೆ. ಇನ್ನು ಕಡೂರಲ್ಲಿ ಹಾಡ್ತಾನೆ. ಎರಡು ದೇಶ ಆಯ್ತೋ ಇಲ್ವೋ?"

ಆಯ್ತು. ಲೆಕ್ಕ ಸರಿಯಾಗೇ ಇತ್ತು.

ಆದರೆ ಹುಡುಗನ ಅಸಲು ಚಿಂತೆ ಬೇರೆ. ಅಜ್ಜಂಪುರದ ಎಣ್ಣೆ ಗಿರಣಿ ಸಾಹುಕಾರರ ಮಗಳನ್ನು ಅವನು ಮೆಚ್ಚಿದ್ದ. ಹುಡುಗಿಯೂ ಒಪ್ಪಿದ್ದಳು. ಸಾಹುಕಾರರು ಮಾತ್ರ, "ಹಾಡ್ತಾನೆ ಅಂತೀರಿ. ಏನು ಹಾಡ್ತಾನೋ ನನ್ನ ಕಿವೀಲಿ ಕೇಳ್ಬೇಕು. ನಮ್ಮೂರಲ್ಲಿ ಹಾಡ್ಲಿ, ಮೆಚ್ಚುಗೆಯಾದ್ರೆ ಮುಂದಿನ ಮಾತು" ಅಂದುಬಿಟ್ಟಿದ್ದರು. ಒಂದೇಸಲ ಅಜ್ಜಂಪುರಕ್ಕೆ ಹೋದರೆ ಹುಡುಗ ಹೆದರಿಬಿಡ್ತಾನೆ ಅಂತ ಯಜಮಾನರು ಸುತ್ತಮುತ್ತಲಿನ ಊರುಗಳನ್ನೂ ಸೇರಿಸಿ ಅದಕ್ಕೆ ವಿಶ್ವ ಸಂಚಾರ ಅಂತ ಹೆಸರಿಟ್ಟರು.

ಪಾಪ, ಗಾಯಕ

ಮೊದಲನೇ ಕಾರ್ಯಕ್ರಮ ಕಡೂರಲ್ಲೇ. ಪೋಸ್ಟರ್ ಅಚ್ಚು ಹಾಕಿದ ಪ್ರೆಸ್ಸಿನವರ ಹತ್ತಿರ ಆ ದಿನ 'ಪ್' ಅನ್ನೋ ಅಚ್ಚುಮೊಳೆ ಸಾಲದೆ ಹೋಯ್ತಂತೆ. ಊರ ಗೋಡೆಗಳ ಮೇಲೆಲ್ಲ ದಪ್ಪಕ್ಷರದಲ್ಲಿ 'ಅಂತರರಾಷ್ಟ್ರೀಯ ಪಾಪ ಗಾಯಕ' ಅಂತ ಬಿತ್ತು. ನಮ್ಮತ್ತೆ ಪೋಸ್ಟರ್ ಮುಂದೆ ನಿಂತು ಲೊಚಗುಟ್ಟಿದರು.

"ಏನಾಗಿದೆಯೇ ಆ ಹುಡುಗನಿಗೆ?"

"ಏನೂ ಆಗಿಲ್ಲ ಅತ್ತೆ, ಅದು ಪಾಪ್."

"ನಾನೂ ಅದೇ ಅಂದಿದ್ದು. ಪಾಪ."

ಸಂಜೆ ನಮ್ಮ ಸ್ಟಾರು ಕಪ್ಪು ಕನ್ನಡಕ ಹಾಕಿಕೊಂಡು, ಒಂದು ಕೈಯನ್ನು ಸ್ಟೈಲಾಗಿ ಮುಂದೆ ಚಾಚಿಕೊಂಡು ನಡೆದು ಬಂದ. ಮುಂದಿನ ಸಾಲಲ್ಲಿ ಕೂತಿದ್ದ ರಿಟೈರ್ಡ್ ಹೆಡ್‌ಮಾಸ್ತರರಿಗೆ ಪೋಸ್ಟರಿನ ಅರ್ಥ ಆಗ ಹೊಳೆಯಿತು. ದಡಬಡಿಸಿ ಎದ್ದು ಬಂದು ಅವನ ಕೈ ಹಿಡಿದುಕೊಂಡರು. "ಇಲ್ಲೊಂದು ಮೆಟ್ಲಿದೆ ಮಗು... ಹುಷಾರು... ಇನ್ನೊಂದು... ಹಾಂ, ಇದೇ ನೋಡು ಮೈಕು" ಅಂತ ಅವನ ಕೈಯನ್ನು ಮೈಕಿನ ಮೇಲಿಟ್ಟು, ಬೆನ್ನು ಸವರಿ ಇಳಿದುಹೋದರು. ಹೆಂಗಸರ ಕಡೆಯಲ್ಲಿ ಒಂದಿಬ್ಬರು ಕಣ್ಣೊರೆಸಿಕೊಂಡರು. ಅವನು ಹಾಡುತ್ತಾ ಒಂದು ಸುತ್ತು ತಿರುಗಿದರೆ ಸಾಕು, "ಬೀಳ್ತಾನೆ, ಬೀಳ್ತಾನೆ, ಹಿಡ್ಕೊಳ್ರೋ" ಅಂತ ಕೂಗು.

ಮುಗಿದ ಮೇಲೆ ನಾನು ಕೇಳಿದೆ, "ಅಲ್ಲಪ್ಪಾ, ಕಣ್ಣು ಕಾಣುತ್ತೆ ಅಂತ ಒಂದ್ಮಾತು ಹೇಳ್ಬಾರ್ದಿತ್ತಾ?"

"ಎಲ್ಲಿ ಕಾಣುತ್ತೆ ಅಕ್ಕ, ಈ ಕನ್ನಡಕದಲ್ಲಿ!" ಅಂದ. "ಅವರು ಬಂದು ಕೈ ಹಿಡೀದೆ ಇದ್ದಿದ್ರೆ ನಾನು ಸೀದಾ ಜನರೇಟರ್ ಮೇಲೆ ಹೋಗಿ ಕೂರ್ತಿದ್ದೆ."

ಬಿದ್ದ ವಸ್ತ್ರ

ಆಮೇಲೆ ಸಖರಾಯಪಟ್ಟಣ. ವ್ಯಾನಿನಲ್ಲಿ ಹೋಗುವಾಗ ಅವನು ನಮಗೆಲ್ಲ ಫಾರಿನ್ ಪದ್ಧತಿ ಹೇಳಿಕೊಟ್ಟ. ದೊಡ್ಡ ಸ್ಟಾರುಗಳು ಹಾಡುತ್ತಾ ಹಾಡುತ್ತಾ ಕೊರಳಿನ ಸ್ಕಾರ್ಫ್ ತೆಗೆದು ಜನರ ಮಧ್ಯಕ್ಕೆ ಎಸೀತಾರಂತೆ. ಜನ ಅದಕ್ಕೆ ಮುಗಿಬಿದ್ದು ಕಿತ್ತಾಡಿ, ಚೂರು ಸಿಕ್ಕಿದರೂ ಮನೆಗೆ ತಗೊಂಡು ಹೋಗಿ ಜೋಪಾನ ಮಾಡ್ತಾರಂತೆ.

"ಒಗೆದಿರ್ತಾರಾ?" ಅಂದರು ನಮ್ಮತ್ತೆ.

ಸಂಜೆ ಎರಡನೇ ಹಾಡಿಗೆ ಕೆಂಪು ರೇಷ್ಮೆ ಸ್ಕಾರ್ಫನ್ನು ಗಿರಗಿರ ತಿರುಗಿಸಿ ಎಸೆದೇಬಿಟ್ಟ. ಅದು ತೆಂಗಿನಕಾಯಿ ವ್ಯಾಪಾರದ ಒಬ್ಬ ಅಜ್ಜನ ತಲೆ ಮೇಲೆ ಬಿತ್ತು. ಅಜ್ಜ ಅದನ್ನು ತೆಗೆದು, ಧೂಳು ಕೊಡವಿ, ನಾಲ್ಕು ಮಡಿಕೆ ಮಾಡಿ, ಜನರನ್ನು ದಾಟಿಕೊಂಡು ವೇದಿಕೆ ಹತ್ತಿರ ಬಂದರು.

"ಸ್ವಾಮಿ, ನಿಮ್ಮ ವಸ್ತ್ರ ಬಿತ್ತು."

ಸ್ಟಾರು ಹಾಡು ನಿಲ್ಲಿಸದೆ ನಕ್ಕು ಮತ್ತೆ ಎಸೆದ. ಈ ಸಲ ಹಿಂದಿನ ಸಾಲಿನವರಿಗೆ ಸಿಕ್ಕಿತು. ಅವರು ಮುಂದಿನವರಿಗೆ ಕೊಟ್ಟರು, ಅವರು ಅವರ ಮುಂದಿನವರಿಗೆ, ಕೈಯಿಂದ ಕೈಗೆ ಬಂದು ಅಜ್ಜನ ಕೈ ಸೇರಿತು. ಅಜ್ಜ ಮತ್ತೆ ಎದ್ದರು. "ಸ್ವಾಮಿ, ಮತ್ತೆ ಬಿತ್ತು."

ಮೂರನೇ ಸಲ ಎಸೆದಾಗ ಅಜ್ಜನಿಗೆ ನಿಜವಾಗಿ ಸಿಟ್ಟು ಬಂತು. ಸೀದಾ ವೇದಿಕೆ ಹತ್ತಿದರು. "ಗಾಳಿ ಜಾಸ್ತಿ ಕಣಪ್ಪಾ ಇಲ್ಲಿ, ಇರು, ನಾನೇ ಕಟ್ತೀನಿ" ಅಂತ ಸ್ಕಾರ್ಫನ್ನು ಅವನ ಕೊರಳಿಗೆ ಸುತ್ತಿ, ಕಾಯಿ ಮೂಟೆಯ ಬಾಯಿ ಬಿಗಿಯೋ ಹಾಗೆ ಎರಡು ಗಂಟು ಹಾಕಿ ಜಗ್ಗಿದರು. ಅಜ್ಜನದು ಅನುಭವಸ್ಥರ ಗಂಟು. ಹಾಡಿನ ಮೇಲಿನ ಸ್ವರ ಬರೋ ಹೊತ್ತಿಗೆ ನಮ್ಮ ಸ್ಟಾರಿನ ಬಾಯಿಂದ 'ಕೀಂ' ಅಂತ ಒಂದೇ ಶಬ್ದ ಬಂತು.

ಕತ್ತರಿ ಹಾಕಿ ಆ ಗಂಟು ಬಿಡಿಸಿದವಳು ನಾನೇ. ಸ್ಕಾರ್ಫು ಚೂರು ಚೂರಾಯಿತು. ಅಷ್ಟಾದರೂ ಫಾರಿನ್ ಪದ್ಧತಿಯಂತೆ ನಡೆಯಿತು.

ಹಿರೇನಲ್ಲೂರು ಎದ್ದು ನಿಂತಿತು

ಹಿರೇನಲ್ಲೂರಲ್ಲಿ ಜನ ಚೆನ್ನಾಗಿ ಸೇರಿದ್ದರು. ಎಲ್ಲ ಬೇಸಾಯದವರು. ಆದರೆ ಕರೆಂಟು ಸರಿಯಿರಲಿಲ್ಲ. ಟ್ಯೂಬ್‌ಲೈಟುಗಳು ಮಿಣಿಮಿಣಿ ಅನ್ನುತ್ತಿದ್ದವು. ಮಸ್ಕತ್ತಿನಿಂದ ತಂದಿದ್ದ ಕೀಬೋರ್ಡು ನೆಗಡಿ ಬಂದವರ ಹಾಗೆ ಹಾಡುತ್ತಿತ್ತು. ನಮ್ಮ ಸ್ಟಾರು ಅದಕ್ಕೆಲ್ಲ ಜಗ್ಗಲಿಲ್ಲ. ಕಣ್ಣು ಮುಚ್ಚಿ, ಒಂದು ಕೈ ಆಕಾಶಕ್ಕೆತ್ತಿ, ಕೊನೆಯ ಸಾಲನ್ನು ಎಳೆದ, ಎಳೆದ, ಎಳೆದ. ಅದೇ ಹೊತ್ತಿಗೆ ಟ್ಯೂಬ್‌ಲೈಟುಗಳೆಲ್ಲ ಝಗ್ ಅಂತ ಹತ್ತಿಕೊಂಡವು. ಜನ ದಡಕ್ಕನೆ ಎದ್ದು ನಿಂತರು!

ಅವನು ಒಂದು ಕಣ್ಣು ತೆರೆದು ನೋಡಿದ. "ಅಕ್ಕ, ಎದ್ದು ನಿಂತ್ರು" ಅಂದ. "ಮಸ್ಕತ್ತಲ್ಲೂ ಯಾರೂ ನಂಗೆ ಎದ್ದು ನಿಂತಿರ್ಲಿಲ್ಲ."

ಆಮೇಲೆ ಎದೆ ಮೇಲೆ ಕೈಯಿಟ್ಟು, ಸೊಂಟ ಬಗ್ಗಿಸಿ, ಕೂದಲು ನೆಲಕ್ಕೆ ತಾಗೋ ಹಾಗೆ ನಮಸ್ಕಾರ ಮಾಡಿದ. ಒಳ್ಳೇ ಉದ್ದದ ನಮಸ್ಕಾರ. ತಲೆ ಎತ್ತಿ ನೋಡಿದರೆ ಮೈದಾನ ಖಾಲಿ. ದೂರದಲ್ಲಿ ಧೂಳು ಏಳ್ತಿದೆ, "ತ್ರೀ ಫೇಸ್ ಬಂತು ಕಣ್ರಲೋ! ಮೋಟ್ರು ಹಾಕ್ರಲೋ!" ಅಂತ ಕೂಗು ಕೇಳ್ತಿದೆ. ಊರಿಗೆ ಊರೇ ಪಂಪ್‌ಸೆಟ್ಟುಗಳ ಕಡೆಗೆ ಓಡುತ್ತಿತ್ತು.

ಒಬ್ಬರು ಮಾತ್ರ ಕೂತಲ್ಲೇ ಕೂತಿದ್ದರು. ನಮ್ಮ ಸ್ಟಾರಿಗೆ ಆನೆ ಬಲ ಬಂತು. ಆ ಒಬ್ಬರಿಗೋಸ್ಕರವೇ ಇನ್ನೂ ಮೂರು ಹಾಡು ಹಾಡಿದ. ಮುಗಿಸಿ ಕೆಳಗಿಳಿದು ಹೋಗಿ ಅವರ ಕೈ ಹಿಡಿದುಕೊಂಡ. "ಎಲ್ರೂ ಹೋದ್ರೂ ನೀವೊಬ್ರು ಕೂತ್ಕೊಂಡು ಕೇಳಿದ್ರಲ್ಲ ಸ್ವಾಮಿ, ಅದೇ ದೊಡ್ಡದು."

"ಏನ್ಮಾಡೋದಪ್ಪಾ" ಅಂದರು ಅವರು, "ನನ್ನ ಮೋಟ್ರು ಸುಟ್ಟೋಗಿದೆ."

ತರೀಕೆರೆಯ ಹೊಗೆ

ತರೀಕೆರೆಯದು ಗಣಪತಿ ಪೆಂಡಾಲು. ಮಸ್ಕತ್ತಿನಲ್ಲಿ ಹಾಡುವಾಗ ವೇದಿಕೆ ಮೇಲೆ ಬಿಳೀ ಹೊಗೆ ಬಿಡ್ತಾರೆ, ಸ್ಟಾರು ಮೋಡದಿಂದ ಇಳಿದು ಬಂದ ಹಾಗೆ ಕಾಣ್ತಾನೆ ಅಂತ ಅವನು ಹೇಳಿದ್ದನ್ನು ಯಜಮಾನರು ಮನಸ್ಸಿಗೆ ಹಚ್ಚಿಕೊಂಡಿದ್ದರು. "ಹೊಗೆ ತಾನೇ? ನಾನು ಮಾಡ್ತೀನಿ ಬಿಡು" ಅಂದರು. ಒಂದು ಕಬ್ಬಿಣದ ಬಾಂಡ್ಲಿಯಲ್ಲಿ ಕೆಂಡ, ಕೆಂಡದ ಮೇಲೆ ತೆಂಗಿನ ನಾರು, ನಾರಿನ ಮೇಲೆ ಅಂಗಡಿಯಲ್ಲಿದ್ದಷ್ಟೂ ಸಾಂಬ್ರಾಣಿ.

ಹೊಗೆ ಎದ್ದಿತು. ಡ್ರಮ್ಮಿನವನು ಡಿಸ್ಕೋ ತಾಳ ಹಿಡಿದ. ಮೋಡದೊಳಗಿಂದ ನಮ್ಮ ಸ್ಟಾರು ಕೆಮ್ಮುತ್ತಾ ಬಂದ. ಅಷ್ಟರಲ್ಲಿ ಮುಂದಿನ ಸಾಲಲ್ಲಿದ್ದ ಒಬ್ಬ ದೊಡ್ಡ ಹೆಂಗಸು 'ಹೂಂ' ಅಂದರು. ಆಮೇಲೆ 'ಹೂಂಹೂಂ' ಅಂದರು. ಸಾಂಬ್ರಾಣಿ ಹೊಗೆ, ಮೇಲಿಂದ ಡಮಡಮ ತಾಳ, ಅವರ ಮೈಮೇಲೆ ಅಮ್ಮ ಬಂದುಬಿಟ್ಟಿದ್ದಳು.

ಜನರೆಲ್ಲ ಬೆನ್ನು ನಮ್ಮ ಕಡೆ ತಿರುಗಿಸಿ ಅಮ್ಮನ ಸುತ್ತ ಸೇರಿದರು. ಯಾರೋ ಕಳೆದುಹೋದ ಎಮ್ಮೆ ಎಲ್ಲಿದೆ ಅಂತ ಕೇಳಿದರು. ಇನ್ಯಾರೋ ಸೊಸೆ ತವರಿಂದ ಯಾವಾಗ ಬರ್ತಾಳೆ ಅಂತ ಕೇಳಿದರು. ಡ್ರಮ್ಮಿನವನು ಹೆದರಿಕೊಂಡು ಕೈ ನಿಲ್ಲಿಸಿದರೆ, "ನಿಲ್ಲಿಸ್ಬೇಡ್ವೋ, ಅಮ್ಮ ಹೊರಟೋಗ್ತಾಳೆ!" ಅಂತ ಗದರಿದರು. ನಮ್ಮತ್ತೆ ಯಾವಾಗಲೋ ಕೆಳಗಿಳಿದು ಹೋಗಿ ತಮ್ಮ ಮಂಡಿನೋವಿನ ವಿಚಾರ ಕೇಳಿ ಬಂದಿದ್ದರು.

ಕೊನೆಗೆ ನಮ್ಮ ಸ್ಟಾರೂ ಕೆಳಗಿಳಿದ. ಅಜ್ಜಂಪುರದ ಚಿಂತೆ ಇತ್ತಲ್ಲ. ಕೈಮುಗಿದು, "ಅಮ್ಮಾ, ನಾನು ಅಂದ್ಕೊಂಡ ಸಂಬಂಧ ಕೂಡಿ ಬರುತ್ತಾ?" ಅಂದ.

ಅಮ್ಮ ಅವನನ್ನು ತಲೆಯಿಂದ ಕಾಲಿನವರೆಗೆ ನೋಡಿದಳು. "ಯಾವನ್ಲಾ ಇವ್ನು? ಮೊದ್ಲು ಇವನ ಕೂದ್ಲು ಕತ್ತರಿಸ್ರೋ!"

ಎಲ್ಲಿದ್ದನೋ, ಗುಂಪಿನಿಂದ ಒಬ್ಬ ಕತ್ತರಿ ಹಿಡಿದು ಬಂದೇಬಿಟ್ಟ. ಯಜಮಾನರು ಓಡಿಬಂದು ಅಡ್ಡಬಿದ್ದರು. "ಅಮ್ಮಾ ತಾಯೀ, ಇನ್ನೊಂದೇ ಪ್ರೋಗ್ರಾಂ ಇರೋದು. ಅಜ್ಜಂಪುರ ಮುಗಿದ ಕೂಡ್ಲೆ ಕತ್ತರಿಸಿಬಿಡ್ತೀವಿ."

ಅಮ್ಮ ಒಂದು ಗಳಿಗೆ ಯೋಚನೆ ಮಾಡಿದಳು. "ಅಡ್ವಾನ್ಸ್ ತಗೊಂಡಿದೀರಾ?"

"ತಗೊಂಡಿದೀವಿ ತಾಯಿ."

"ಹಂಗಾದ್ರೆ ಸರಿ" ಅಂದು ಅಮ್ಮ ಹೊರಟುಹೋದಳು.

ಅಜ್ಜಂಪುರದ ಇಂಗ್ಲಿಷ್ ಹಾಡು

ಅಜ್ಜಂಪುರಕ್ಕೆ ಬಂದಾಗ ಹುಡುಗ ಬೆಳಗಿನಿಂದ ಏನೂ ತಿಂದಿರಲಿಲ್ಲ. ಸಾಹುಕಾರರು ಮುಂದಿನ ಸಾಲಿನ ಮಧ್ಯದಲ್ಲಿ, ಹಣೆ ತುಂಬ ವಿಭೂತಿ, ಕೈಯಲ್ಲಿ ಬೆಳ್ಳಿಕಟ್ಟಿನ ಕೋಲು ಹಿಡಿದು ಕೂತಿದ್ದರು. ಪಕ್ಕದಲ್ಲಿ ಹೆಂಡತಿ, ಹಿಂದೆ ಮಗಳು. ಸಾಹುಕಾರರು ವಚನ, ತತ್ವಪದ ಬಿಟ್ಟರೆ ಬೇರೆ ಏನೂ ಕೇಳಿದವರಲ್ಲ.

ಕನ್ನಡದ ಹಾಡುಗಳೆಲ್ಲ ಮುಗಿದವು. ಸಾಹುಕಾರರ ಮುಖ ಕಲ್ಲಿನ ಹಾಗೇ ಇತ್ತು. "ಫಾರಿನ್ನಲ್ಲಿ ಹಾಡಿದ್ದನ್ನ ಹಾಡಪ್ಪಾ, ಕೇಳೋಣ" ಅಂದರು. ಕೀಬೋರ್ಡು ಶುರುವಾಯಿತು. ಹುಡುಗ ಬಾಯಿ ತೆರೆದ, ಸಾಹುಕಾರರ ಕಣ್ಣು ನೋಡಿದ, ಅಷ್ಟೇ. ಇಂಗ್ಲಿಷ್ ಹಾಡಿನ ಒಂದು ಪದವೂ ನೆನಪಿಗೆ ಬರಲಿಲ್ಲ. ನನ್ನ ಕಡೆ ತಿರುಗಿದ. ನನಗೆ ಬರುತ್ತಿದ್ದ ಇಂಗ್ಲಿಷೆಲ್ಲ ಹೊಲಿಗೆ ಮಿಷನ್ನಿನದು. ನಾನು "ಲಾ ಲಾ ಲಾ" ಅಂತ ಎಳೆದು ಹೊತ್ತು ನೂಕಿದೆ.

ಇದ್ದಕ್ಕಿದ್ದಂತೆ ಅವನು ಶುರುಮಾಡಿದ. "ಲೇಡೀಸ್ ಅಂಡ್ ಜೆಂಟಲ್‌ಮೆನ್... ಫಾಸನ್ ಯುವರ್ ಸೀಟ್ ಬೆಲ್ಟ್... ಓಹೋ, ಫಾಸನ್ ಯುವರ್ ಸೀಟ್ ಬೆಲ್ಟ್..." ಒಳ್ಳೇ ರಾಗ. ಸೊಂಟಕ್ಕೆ ಏನೋ ಬಿಗಿದುಕೊಳ್ಳೋ ಹಾಗೆ ಅಭಿನಯ. ಆಮೇಲೆ ಎರಡು ಕೈಯನ್ನೂ ಚಾಚಿ ಎಡಕ್ಕೆ ಬಲಕ್ಕೆ ತೋರಿಸಿದ. ಮೇಲಿಂದ ಏನೋ ಎಳೆದುಕೊಂಡು ಮೂಗಿಗೆ ಹಿಡಿದು ಉಸಿರೆಳೆದ. ಮತ್ತೆ ಬಂದು "ಫಾಸನ್ ಯುವರ್ ಸೀಟ್ ಬೆಲ್ಟ್..." ಅಜ್ಜಂಪುರದ ಜನವೂ ಅವನ ಜೊತೆ ಎಡಕ್ಕೆ ಬಲಕ್ಕೆ ಕೈ ಬೀಸತೊಡಗಿದರು. ಸಾಹುಕಾರರು ಕಣ್ಣು ಮುಚ್ಚಿ ತಲೆದೂಗುತ್ತಿದ್ದರು.

ಮುಗಿದ ಮೇಲೆ ವೇದಿಕೆಗೇ ಬಂದರು. ಕಣ್ಣು ಒದ್ದೆಯಾಗಿತ್ತು. "ಭಾಷೆ ಬರಲ್ಲ ಕಣ್ರೀ ನಂಗೆ, ಆದ್ರೆ ಭಾವ ತಿಳೀತು. ಮೊದ್ಲು ನಡು ಕಟ್ಟಿ ಗಟ್ಟಿಯಾಗಿ ಕೂರ್ಬೇಕು. ಈ ಕಡೆ ಒಂದು ದಾರಿ, ಆ ಕಡೆ ಒಂದು ದಾರಿ. ಮೇಲಿಂದ ಇಳಿದು ಬರೋದನ್ನ ಉಸಿರಲ್ಲಿ ಹಿಡೀಬೇಕು. ಶಿವಯೋಗ! ನಮ್ಮ ಹಿರಿಯರು ಹೇಳಿದ್ದನ್ನೇ ಹುಡುಗ ಇಂಗ್ಲಿಷಲ್ಲಿ ಹೇಳಿದಾನೆ" ಅಂದರು. ಅಲ್ಲೇ ತಾಂಬೂಲ ಕೊಟ್ಟು ಮಗಳನ್ನು ಕೊಡ್ತೀನಿ ಅಂದರು.

ವ್ಯಾನಿನಲ್ಲಿ ವಾಪಸ್ ಬರುವಾಗ ಕೇಳಿದೆ, "ಯಾವ ಹಾಡಪ್ಪಾ ಅದು?"

"ಹಾಡಲ್ಲ ಅಕ್ಕ" ಅಂದ. "ವಿಮಾನ ಹೊರಡೋಕೆ ಮುಂಚೆ ಏರ್‌ಹೋಸ್ಟೆಸ್ ಹೇಳ್ತಾಳಲ್ಲ, ಬೆಲ್ಟ್ ಹಾಕ್ಕೊಳ್ಳಿ, ಬಾಗಿಲು ಅಲ್ಲಿದೆ, ಇಲ್ಲಿದೆ ಅಂತ, ಅದು. ನಂಗೆ ಪೂರ್ತಿ ಬಾಯಿಪಾಠ ಇರೋ ಇಂಗ್ಲಿಷ್ ಅದೊಂದೇ."

ಮದುವೆ ಆಯಿತು, ಗಂಡ ಹೆಂಡತಿ ಮಸ್ಕತ್ತಿಗೆ ಹೋದರು. ಒಂದೆರಡು ವರ್ಷದ ಮೇಲೆ ಮೊಮ್ಮಗುವನ್ನು ನೋಡೋದಕ್ಕೆ ಅಂತ ಸಾಹುಕಾರರೂ ಹೊರಟರು. ಕರೆದೊಯ್ಯೋಕೆ ಮಗಳೇ ಬಂದಿದ್ದಳು. ಆಮೇಲಿನದನ್ನು ನನಗೆ ಹೇಳಿದವಳೂ ಅವಳೇ.

ಬೊಂಬಾಯಿಯಲ್ಲಿ ವಿಮಾನ ಹತ್ತಿ ಕೂತಿದ್ದಾರೆ. ಏರ್‌ಹೋಸ್ಟೆಸ್ ಮುಂದೆ ಬಂದು ನಿಂತು ಲೇಡೀಸ್ ಅಂಡ್ ಜೆಂಟಲ್‌ಮೆನ್ ಅಂದಳು. ಕೈಯಲ್ಲಿ ಎಡಕ್ಕೆ ಬಲಕ್ಕೆ ತೋರಿಸಿದಳು. ಸಾಹುಕಾರರು ಮಗಳ ತೋಳು ಗಟ್ಟಿಯಾಗಿ ಹಿಡಿದುಕೊಂಡರು.

"ನಮ್ಮ ಅಳಿಯಂದಿರ ಪದ ಕಣೇ ಇದು! ಇಲ್ಲೀವರೆಗೂ ಬಂದಿದೆ!" ಅಂದರು. ಇನ್ನೊಂದು ಗಳಿಗೆ ಕೇಳಿ ಮುಖ ಸಿಂಡರಿಸಿದರು. "ಸಾಹಿತ್ಯ ಸರಿಯಾಗಿದೆ. ರಾಗ ಮಾತ್ರ ಒಂಚೂರೂ ಕಲಿತಿಲ್ಲ ಈ ಹುಡುಗಿ."

ಮಗಳು ಹಿಡಿಯೋದರೊಳಗೆ ಎದ್ದು ಸೀಟುಗಳ ನಡುವೆ ನಿಂತು, ಕೋಲಿನಲ್ಲಿ ತಾಳ ಹಾಕುತ್ತಾ ರಾಗ ತೋರಿಸಿಕೊಟ್ಟರು. ವಿಮಾನಕ್ಕೆ ವಿಮಾನವೇ ತಿರುಗಿ ನೋಡಿತು. ಏರ್‌ಹೋಸ್ಟೆಸ್ ಓಡಿಬಂದು, "ಸರ್, ಪ್ಲೀಸ್, ಫಾಸನ್ ಯುವರ್ ಸೀಟ್ ಬೆಲ್ಟ್!" ಅಂದಳು.

ಸಾಹುಕಾರರು ಮಗಳ ಕಡೆ ತಿರುಗಿ ಖುಷಿಯಿಂದ ತಲೆದೂಗಿದರು. "ನೋಡ್ದಾ? ಹೇಳ್ಕೊಟ್ಟ ತಕ್ಷಣ ಪಲ್ಲವಿ ಎತ್ಕೊಂಡ್ಳು!"